ದೇವರ ಹಾಗೆ ಕೂರಿಸಬೇಡಿ

‘ಲಕ್ವ ಹೊಡೆದವರನ್ನು ದೇವರ ಹಾಗೆ ನೋಡಿಕೊಳ್ಳಬೇಕು’ ಎಂದು ನಮ್ಮ ಕಡೆ ರೋಗಿಯನ್ನು ನೋಡಲು ಬಂದ ನೆಂಟರು ಹೇಳಿಹೋಗುತ್ತಾರೆ. ನೀವೂ ಕೇಳಿರುತ್ತೀರಿ. ಕೇಳಿ ಹೌದೆಂದು ತಲೆಯಾಡಿಸಿಯೂ ಇರುತ್ತೀರಿ. ನಾನೂ ಆಡಿಸಿದವಳೇ. ಈಗ ಯಾರಾದರೂ ಈ ಮಾತು ಆಡಿದರೆ ನನಗೆ ಸಿಟ್ಟು ಬರುತ್ತದೆ.

ದೇವರನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆ, ಯೋಚಿಸಿ. ಒಂದು ಮೂಲೆಯಲ್ಲಿ ಕೂರಿಸುತ್ತೇವೆ. ಎಣ್ಣೆ ಹಚ್ಚಿ ಸ್ನಾನ ಮಾಡಿಸುತ್ತೇವೆ. ಬಟ್ಟೆ ಉಡಿಸುತ್ತೇವೆ. ಹೊತ್ತು ಹೊತ್ತಿಗೆ ನೈವೇದ್ಯ ಇಡುತ್ತೇವೆ. ದೇವರು ಎದ್ದು ಓಡಾಡಲಿ ಎಂದು ಯಾರೂ ಬಯಸುವುದಿಲ್ಲ. ಕಲ್ಲಿನ ದೇವರಿಗೆ ಅದು ಸರಿ. ರಕ್ತಮಾಂಸದ ಮನುಷ್ಯರನ್ನು ಹಾಗೆ ಕೂರಿಸಿದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋಡಿದ್ದೇನೆ ಎಂದರೆ ಸಾಲದು, ನನ್ನ ಕೈಯಿಂದಲೇ ಮಾಡಿದ್ದೇನೆ.

ನಮ್ಮ ಮನೆಯವರು ಕೆ.ಜಿ.ಎಫ್. ಚಿನ್ನದ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಅವರಿಗೆ ನಲವತ್ತನಾಲ್ಕು. ಆಮೇಲೆ ಈ ಊರಿನ ಸಾವಿರಾರು ಗಂಡಸರಂತೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಸೆಕ್ಯೂರಿಟಿ ಕೆಲಸ ಮಾಡಿ ರಾತ್ರಿ ಬರುತ್ತಿದ್ದರು. ಬಿ.ಪಿ. ಇತ್ತು. ಮಾತ್ರೆ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. 2010ರಲ್ಲಿ ಒಂದು ಭಾನುವಾರ ಬೆಳಿಗ್ಗೆ ಕಾಫಿ ಲೋಟ ಬಲಗೈಯಿಂದ ಜಾರಿ ಬಿತ್ತು. ಬಾಯಿ ಸೊಟ್ಟಗಾಗಿತ್ತು, ಮಾತು ತೊದಲುತ್ತಿತ್ತು. ಒಬ್ಬರು ಗ್ಯಾಸ್ ಇರಬೇಕು ಎಂದರು, ಇನ್ನೊಬ್ಬರು ಸಕ್ಕರೆ ನೀರು ಕುಡಿಸಿದರು. ಆಸ್ಪತ್ರೆ ಮುಟ್ಟುವಾಗ ಸಂಜೆ. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಸ್ಕ್ಯಾನ್ ಮಾಡಿ ನೋಡಿ ಅದನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು ಎಂಬುದು ನನಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ.

ಹತ್ತು ದಿನ ಬಿಟ್ಟು ಮನೆಗೆ ಕರೆತಂದೆವು. ವ್ಯಾಯಾಮದ ಚಿತ್ರಗಳಿದ್ದ ಒಂದು ಹಾಳೆ ಕೊಟ್ಟಿದ್ದರು. ಅದನ್ನು ಔಷಧಿ ಚೀಟಿಯ ಜೊತೆ ಮಡಿಸಿ ಬೀರುವಿನಲ್ಲಿ ಇಟ್ಟೆ. ಫಿಜಿಯೋಥೆರಪಿಯ ಹುಡುಗ ಎರಡು ವಾರ ಮನೆಗೆ ಬಂದ. ಆಮೇಲೆ ಅವನಿಗೆ ಕೊಡಲು ನಮ್ಮಲ್ಲಿ ದುಡ್ಡಿರಲಿಲ್ಲ. ನೆಂಟರು ಬಂದರು. ‘ಪಾಪ, ಭೂಮಿಯೊಳಗೆ ಇಳಿದು ದುಡಿದ ಜೀವ, ಈಗಲಾದರೂ ರೆಸ್ಟ್ ತಗೊಳ್ಳಲಿ’ ಎಂದರು. ಒಬ್ಬರು ಪಾರಿವಾಳದ ಬಿಸಿ ರಕ್ತ ತಿಕ್ಕಿಸಿದರು. ಇನ್ನೊಬ್ಬರು ಆಂಧ್ರದ ಗಡಿಯಾಚೆ ನಾಟಿ ಔಷಧಿ ಕೊಡುವವರ ಬಳಿ ಕರೆದೊಯ್ದರು. ಪಥ್ಯ, ಎಣ್ಣೆ, ಹರಕೆ ಎಲ್ಲ ಆಯಿತು. ಅವರು ತಾವೇ ಎದ್ದು ನಿಲ್ಲುವುದೊಂದು ಬಿಟ್ಟು.

ಒಂದು ಸಂಗತಿ ಹೇಳಲು ಈಗಲೂ ನಾಚಿಕೆಯಾಗುತ್ತದೆ. ಅವರ ಬಿದ್ದುಹೋದ ಕೈ ಬಲಗೈ. ಎಡಗೈ ಚೆನ್ನಾಗಿಯೇ ಇತ್ತು. ಆದರೂ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನಾನೇ ಬಾಯಿಗಿಡುತ್ತಿದ್ದೆ. ಅವರು ಎಡಗೈ ಚಾಚಿದರೆ ‘ನೀವು ಸುಮ್ಮನಿರಿ’ ಎಂದು ತಡೆಯುತ್ತಿದ್ದೆ. ನೋಡಿದವರು ‘ಸಾವಿತ್ರಿ ಕಣಮ್ಮ ನೀನು’ ಎಂದು ಹೊಗಳಿದರು. ಆ ಹೊಗಳಿಕೆ ನನಗೆ ಇಷ್ಟವಾಗಿತ್ತು. ಎರಡೂವರೆ ವರ್ಷ ಹೀಗೆ ಕಳೆಯಿತು. ಆ ಹೊತ್ತಿಗೆ ಚೆನ್ನಾಗಿದ್ದ ಕಾಲೂ ಸೊರಗಿ ಕಡ್ಡಿಯಾಗಿತ್ತು. ಒಂದು ರಾತ್ರಿ ನನ್ನನ್ನು ಎಬ್ಬಿಸಲು ಮನಸ್ಸು ಬರದೆ ತಾವೇ ಬಚ್ಚಲಿಗೆ ಹೊರಟು ಹೊಸ್ತಿಲಲ್ಲಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮತ್ತೆ ಏಳಲಿಲ್ಲ. 2013ರಲ್ಲಿ ಹೋಗಿಬಿಟ್ಟರು.

ಅವರನ್ನು ಕೊಂದದ್ದು ಲಕ್ವವಲ್ಲ, ನನ್ನ ಸೇವೆ ಎಂದು ನಾನು ಅಂದರೆ ಮಗನಿಗೆ ಕೋಪ ಬರುತ್ತದೆ. ಆ ಮಾತು ಪೂರ್ತಿ ನಿಜವಲ್ಲ, ನನಗೂ ಗೊತ್ತು. ಆದರೆ ಪೂರ್ತಿ ಸುಳ್ಳೂ ಅಲ್ಲ.

ಆರು ವರ್ಷ ಬಿಟ್ಟು, 2019ರಲ್ಲಿ, ನನ್ನ ಸರದಿ ಬಂತು. ನನಗೆ ಐವತ್ತಾರು. ಎಡಗಡೆ ಬಿತ್ತು. ಗಣಿ ನಡೆಯುತ್ತಿದ್ದ ಕಾಲದಲ್ಲಿ ನೆಲದಾಳದಲ್ಲಿ ಬಂಡೆ ಸಿಡಿದರೆ ಇಲ್ಲಿ ಅಟ್ಟದ ಮೇಲಿನ ಪಾತ್ರೆಗಳು ಗಡಗಡ ನಡುಗುತ್ತಿದ್ದವು. ರಾಕ್ ಬರ್ಸ್ಟ್ ಎನ್ನುತ್ತಿದ್ದೆವು. ನನ್ನ ಮೈಯೊಳಗೆ ಅಂಥದ್ದೇ ಏನೋ ಆದಂತೆ ಅನ್ನಿಸಿತು. ಈ ಸಲ ಮಗ ತಡಮಾಡಲಿಲ್ಲ. ಬದುಕಿದೆ.

ಆದರೆ ನೋಡಿ, ನನ್ನನ್ನು ಯಾರೂ ದೇವರ ಹಾಗೆ ಕೂರಿಸಲಿಲ್ಲ. ಮಗ ಬೆಳಗಿನ ರೈಲಿಗೆ ಹೊರಡಬೇಕು. ಸೊಸೆ ಖಾಸಗಿ ಶಾಲೆಯಲ್ಲಿ ಟೀಚರು, ಎಂಟೂವರೆಗೆ ಮನೆ ಬಿಡಬೇಕು. ಅವರನ್ನು ದೂರುತ್ತಿಲ್ಲ, ಇಬ್ಬರೂ ದುಡಿದರೇ ನಮ್ಮ ಮನೆ ನಡೆಯುವುದು. ಎರಡು ತಿಂಗಳು ಕಳೆಯುವಷ್ಟರಲ್ಲಿ ನಾನು ಕೋಲೂರಿಕೊಂಡು ಅಡುಗೆಮನೆಯಲ್ಲಿದ್ದೆ. ಅವರನ್ನು ನೋಡಲು ಬಂದಿದ್ದ ಅದೇ ನೆಂಟರು ನನ್ನನ್ನೂ ನೋಡಲು ಬಂದರು. ‘ಓಡಾಡಿಕೊಂಡು ಮನೆಕೆಲಸ ಮಾಡಿಕೊಂಡಿರಮ್ಮ. ಹೆಂಗಸರಿಗೆ ಅದಕ್ಕಿಂತ ಬೇರೆ ಎಕ್ಸರ್‌ಸೈಜ್ ಏಕೆ?’ ಎಂದರು.

ಗಂಡಸಿಗೆ ಲಕ್ವ ಹೊಡೆದರೆ ಹಾಸಿಗೆ, ಹೆಂಗಸಿಗೆ ಹೊಡೆದರೆ ಅಡುಗೆಮನೆ. ಎರಡೂ ತಪ್ಪೇ. ಒಂದರಲ್ಲಿ ಮೈ ಆಡುವುದೇ ಇಲ್ಲ. ಇನ್ನೊಂದರಲ್ಲಿ ಚೆನ್ನಾಗಿರುವ ಅರ್ಧ ಮೈ ಮಾತ್ರ ಆಡುತ್ತದೆ. ಅಡುಗೆಮನೆಯಲ್ಲಿ ಹೊತ್ತಿಗೆ ಸರಿಯಾಗಿ ಕೆಲಸವಾಗಬೇಕು. ಕುಕ್ಕರ್ ಕೂಗುತ್ತಿರುವಾಗ ಬಿದ್ದುಹೋದ ಕೈಗೆ ಕೆಲಸ ಕಲಿಸುತ್ತ ಕೂರಲು ಯಾರಿಗೆ ಪುರುಸೊತ್ತು? ಬಲಗೈಯೇ ಎಲ್ಲ ಮಾಡಿಬಿಡುತ್ತದೆ. ಎಡಗೈ ಸೆರಗಿನಡಿ ಸುಮ್ಮನೆ ತೂಗಾಡುತ್ತದೆ. ಉಪಯೋಗಿಸದ ಕೈಯನ್ನು ಮಿದುಳು ನಿಧಾನವಾಗಿ ಮರೆತುಬಿಡುತ್ತದೆಯಂತೆ. ನಮ್ಮ ಕೋಲಾರದ ಕಡೆ ಮುದ್ದೆಯಿಲ್ಲದೆ ಊಟವಿಲ್ಲ. ಮುದ್ದೆ ತಿರುವಲು ಎರಡು ಕೈಯೂ ಬೇಕು, ಗಟ್ಟಿಯಾಗಿ ಊರಿ ನಿಂತ ಎರಡು ಕಾಲೂ ಬೇಕು. ಒಂದು ದಿನ ಪಾತ್ರೆ ಜಾರಿ ಕುದಿಯುವ ಹಿಟ್ಟು ಕಾಲ ಮೇಲೆ ಬಿತ್ತು. ಆ ಕಾಲಿಗೆ ಸ್ಪರ್ಶ ಕಡಿಮೆ. ಸುಟ್ಟದ್ದು ಗೊತ್ತಾದದ್ದು ಬೊಬ್ಬೆ ಎದ್ದ ಮೇಲೆ. ಇದು ವ್ಯಾಯಾಮವೇ? ನೀವೇ ಹೇಳಿ.

ಆ ಬೊಬ್ಬೆ ನೋಡಲು ಬಂದವಳು ಅಕ್ಕನ ಮಗಳು. ಬೆಂಗಳೂರಿನಲ್ಲಿ ಫಿಜಿಯೋಥೆರಪಿಸ್ಟ್. ನಾನು ಒಂದೇ ಕೈಯಲ್ಲಿ ಅವಳಿಗೆ ಕಾಫಿ ಸೋಸಿ ಕೊಟ್ಟದ್ದನ್ನು ನೋಡಿ ಬೈದಳು. ‘ಚಿಕ್ಕಮ್ಮಾ, ನಿನ್ನ ಎಡಗೈ ಸತ್ತಿಲ್ಲ, ನೀನೇ ಅದನ್ನು ಮನೆಯಿಂದ ಹೊರಗಿಟ್ಟಿದ್ದೀಯ’ ಎಂದಳು. ಊಟದ ಮನೆಯ ಕುರ್ಚಿಯನ್ನು ಗೋಡೆಗೆ ಒರಗಿಸಿ ನನ್ನನ್ನು ಕೂರಿಸಿದಳು. ಎರಡೂ ಪಾದ ನೆಲಕ್ಕೆ ಊರಿಸಿದಳು. ಉಸಿರು ಎಳೆದುಕೊಳ್ಳುತ್ತ ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಎತ್ತು, ಬಿಡುತ್ತ ಇಳಿಸು ಎಂದಳು. ಬಲಗೈ ಎದ್ದಿತು, ಎಡಗೈ ತೊಡೆಯಿಂದ ನಾಲ್ಕು ಬೆರಳು ಎದ್ದಿತು. ‘ಬಲಗೈಗೆ ಆತುರ ಬೇಡ ಅನ್ನು, ಎಡಗೈಗೆ ಕಾಯಲಿ’ ಎಂದಳು. ಮದುವೆಯಾಗಿ ಬಂದಂದಿನಿಂದ ‘ಬೇಗ ಬೇಗ’ ಎಂಬ ಮಾತನ್ನು ಮಾತ್ರ ಕೇಳಿದ್ದ ನನಗೆ ‘ನಿಧಾನ’ ಎಂದು ಹೇಳಿದವಳು ಅವಳೇ ಮೊದಲು.

ಇದು ಚೀನಾದ ತೈ ಚಿ ಎಂದು ಆಮೇಲೆ ಹೇಳಿದಳು. ಮೂಲದಲ್ಲಿ ಅದು ಕಾಳಗದ ವಿದ್ಯೆ. ಚೀನಾದಲ್ಲಿ ಜನಸಾಮಾನ್ಯರ ಆರೋಗ್ಯಕ್ಕೆಂದು 1956ರಲ್ಲಿ ಅದನ್ನು ಸರಳಗೊಳಿಸಿ 24 ಭಂಗಿಗಳ ಒಂದು ಕ್ರಮ ಮಾಡಿದರು. 2020ರಲ್ಲಿ ಯುನೆಸ್ಕೋ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಭಂಗಿಗಳ ಹೆಸರು ಕೇಳಿದರೆ ಹೆಂಗಸರು ಇಟ್ಟ ರಂಗೋಲಿಯ ಹೆಸರಿನ ಹಾಗಿವೆ: ಮೋಡದಂತೆ ಕೈ ಆಡಿಸುವುದು, ಕಾಡುಕುದುರೆಯ ಜೂಲು ಬಿಡಿಸುವುದು, ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು.

2020ರ ಲಾಕ್‌ಡೌನಿನಲ್ಲಿ ರೈಲು ನಿಂತಿತು. ಅವಳು ಬರುವಂತಿಲ್ಲ, ನಾನು ಹೋಗುವಂತಿಲ್ಲ. ಸೊಸೆ ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಇಡುತ್ತಿದ್ದಳು. ಅಕ್ಕನ ಮಗಳು ಆ ಕಡೆಯಿಂದ ಹೇಳಿಕೊಡುತ್ತಿದ್ದಳು. ಮೊದಲು ಕೂತು, ಆಮೇಲೆ ಕುರ್ಚಿಯ ಬೆನ್ನು ಹಿಡಿದು ನಿಂತು. ಮಂಡಿ ಸ್ವಲ್ಪ ಸಡಿಲ, ಬೆನ್ನು ನೆಟ್ಟಗೆ. ಮೈಭಾರವನ್ನು ಬಲಗಾಲಿನಿಂದ ಎಡಗಾಲಿಗೆ ಸುರಿಯಬೇಕು, ಮತ್ತೆ ವಾಪಸು. ತೈ ಚಿಯಲ್ಲಿ ಭಾರ ಹೊತ್ತ ಕಾಲು ತುಂಬಿದ ಕಾಲು, ಹೊರದ್ದು ಖಾಲಿ ಕಾಲು. ಟ್ಯಾಂಕರ್ ನೀರಿಗೆ ಕಾದು ಕೊಡದಿಂದ ಕೊಡಕ್ಕೆ ನೀರು ಬಗ್ಗಿಸಿ ಗೊತ್ತಿರುವ ಈ ಊರಿನ ಹೆಂಗಸಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹನಿ ಚೆಲ್ಲದ ಹಾಗೆ ಬಗ್ಗಿಸಬೇಕು, ಅಷ್ಟೇ.

ಲಕ್ವ ಹೊಡೆದವರು ಬೀಳುವ ಗುಟ್ಟೇ ಇಲ್ಲಿದೆ. ಬಿದ್ದುಹೋದ ಕಾಲಿನ ಮೇಲೆ ನಮಗೆ ನಂಬಿಕೆ ಇರುವುದಿಲ್ಲ. ಎಲ್ಲ ಭಾರವನ್ನೂ ಒಳ್ಳೆಯ ಕಾಲಿನ ಮೇಲೆ ಹಾಕಿ ನಿಂತಿರುತ್ತೇವೆ. ಯಾರೋ ಕರೆದರೆಂದು ತಿರುಗಿದಾಗ, ಹೊಸ್ತಿಲು ದಾಟುವಾಗ, ಒಂದು ಕ್ಷಣ ಆ ಕಾಲಿನ ಮೇಲೆ ಭಾರ ಬೀಳುತ್ತದೆ, ಕುಸಿಯುತ್ತೇವೆ. ತೈ ಚಿಯಲ್ಲಿ ಇರುವುದೇ ಭಾರ ಬದಲಾಯಿಸುವುದು ಮತ್ತು ತಿರುಗುವುದು, ಅದೂ ಅತಿ ನಿಧಾನವಾಗಿ, ಮನಸ್ಸಿಟ್ಟು.

ಇದು ಬರೀ ನನ್ನ ಅನುಭವವಲ್ಲ. ಅಮೆರಿಕದ ಅರಿಜೋನಾದಲ್ಲಿ ಸ್ಟ್ರೋಕ್ ಆಗಿ ಕೆಲವು ತಿಂಗಳಾದರೂ ಕಳೆದಿದ್ದ 145 ಜನರನ್ನು ಮೂರು ಗುಂಪು ಮಾಡಿ 12 ವಾರ ನೋಡಿದರು. ಒಂದು ಗುಂಪಿಗೆ ವಾರಕ್ಕೆ ಮೂರು ದಿನ, ದಿನಕ್ಕೊಂದು ಗಂಟೆ ತೈ ಚಿ. ಇನ್ನೊಂದಕ್ಕೆ ವಯಸ್ಸಾದವರಿಗಾಗಿ ಮಾಡಿದ ಬೇರೆ ವ್ಯಾಯಾಮ. ಮೂರನೆಯದಕ್ಕೆ ಎಂದಿನ ಆರೈಕೆ. ಆ 12 ವಾರದಲ್ಲಿ ತೈ ಚಿ ಗುಂಪಿನವರು ಬಿದ್ದದ್ದು 5 ಸಲ, ಎರಡನೆಯ ಗುಂಪು 14 ಸಲ, ಮೂರನೆಯದು 15 ಸಲ. 2014ರಲ್ಲಿ ಇದು ಪ್ರಕಟವಾಯಿತು. ಬೇರೆ ಎಲ್ಲ ಅಳತೆಗಳಲ್ಲೂ ತೈ ಚಿ ಗೆದ್ದಿತೆಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಬೀಳುವುದು ಕಡಿಮೆಯಾಯಿತು. ಬಚ್ಚಲ ಹೊಸ್ತಿಲಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ಅದು ಸಣ್ಣ ಮಾತಲ್ಲ. ನಿಲ್ಲಲಾರದವರಿಗೆ ಕೂತು ಮಾಡುವ ತೈ ಚಿಯನ್ನು ಚೀನಾದಲ್ಲಿ 160 ಜನರ ಮೇಲೆ ಪರೀಕ್ಷಿಸಿ 2022ರಲ್ಲಿ ವರದಿ ಮಾಡಿದರು. ಆಸ್ಪತ್ರೆಯ ಸಾಮಾನ್ಯ ವ್ಯಾಯಾಮ ಮಾಡಿದವರಿಗಿಂತ ಇವರ ಕೈಯ ಶಕ್ತಿ, ಕೂತಾಗಿನ ಸಮತೋಲ ಸುಧಾರಿಸಿತು, ಮನಸ್ಸಿನ ಕುಗ್ಗುವಿಕೆಯೂ ಇಳಿಯಿತು.

ಈಗ ನನ್ನ ಮೇಲೆ ಬಂದ ಆಕ್ಷೇಪಣೆಗಳಿಗೆ ಬರುತ್ತೇನೆ.

ಮೊದಲನೆಯದು, ‘ನಮ್ಮ ಯೋಗ ಇರುವಾಗ ಚೀನಾದ್ದು ಏಕೆ?’ ಯೋಗಕ್ಕೆ ನಾನು ವೈರಿಯಲ್ಲ. ಕುರ್ಚಿಯಲ್ಲಿ ಕೂರಿಸಿ ಯೋಗ ಹೇಳಿಕೊಡುವವರು ಸಿಕ್ಕರೆ ಧಾರಾಳವಾಗಿ ಮಾಡಿ. ಆದರೆ ನಮ್ಮ ಊರುಗಳಲ್ಲಿ ಯೋಗವೆಂದರೆ ಚಾಪೆ ಹಾಸಿ ನೆಲಕ್ಕೆ ಕೂರುವುದು. ಅರ್ಧ ಮೈ ಬಿದ್ದವಳಿಗೆ ನೆಲಕ್ಕೆ ಇಳಿಯುವುದೂ ಅಲ್ಲಿಂದ ಏಳುವುದೂ ಬೆಟ್ಟ ಹತ್ತಿಳಿದಂತೆ. ತೈ ಚಿಗೆ ಚಾಪೆ ಬೇಡ, ಯಂತ್ರ ಬೇಡ, ಪ್ಯಾಂಟು ಬೇಡ, ಸೀರೆಯಲ್ಲೇ ಆಗುತ್ತದೆ. ಇನ್ನು ಚೀನಾದ ಮಾತು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಅನ್ನ ರೇಷ್ಮೆ ಗೂಡಿನದು. ರೇಷ್ಮೆ ಹುಳು ಸಾಕುವ ವಿದ್ಯೆ ಮೊದಲು ಎಲ್ಲಿ ಹುಟ್ಟಿತು? ಚೀನಾದಲ್ಲೇ ಅಲ್ಲವೇ? ಧಾರೆ ಸೀರೆ ಉಡುವಾಗ ಯಾರೂ ಈ ಪ್ರಶ್ನೆ ಎತ್ತಲಿಲ್ಲ.

ಎರಡನೆಯದು, ‘ಇದೆಲ್ಲ ಮನೆಯವರೇ ಮಾಡಿಸಿದರಾಯಿತು, ಹೊರಗಿನವರೇಕೆ?’ ಮನೆಯವರು ಎಂದರೆ ಯಾರು? ಹೆಂಡತಿ, ಸೊಸೆ, ಮಗಳು. ಬಾಯಲ್ಲಿ ಮನೆಯವರು ಎಂದರೂ ಮನಸ್ಸಿನಲ್ಲಿರುವುದು ಹೆಂಗಸರೇ. ಇದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ, ನಮ್ಮ ದೇಶದಲ್ಲೇ. ಭಾರತದ 14 ಆಸ್ಪತ್ರೆಗಳಲ್ಲಿ 1250 ಸ್ಟ್ರೋಕ್ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಯವರಿಗೆ ವ್ಯಾಯಾಮ ಮಾಡಿಸುವ ತರಬೇತಿ ಕೊಟ್ಟು ಕಳಿಸಿದರು. ಆರು ತಿಂಗಳ ನಂತರ ನೋಡಿದರೆ ಎರಡು ಗುಂಪಿನಲ್ಲೂ ಸತ್ತವರು ಅಥವಾ ಪರಾಧೀನರಾಗಿ ಉಳಿದವರು ಸರಿಸಮ, ನೂರಕ್ಕೆ 47. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಬಂತು. ಮನೆಯವರು ಮೋಸ ಮಾಡಿದರು ಎಂದು ನಾನು ಇದನ್ನು ಓದುವುದಿಲ್ಲ. ನುರಿತವರು ವರ್ಷಗಟ್ಟಲೆ ಕಲಿತು ಮಾಡುವ ಕೆಲಸವನ್ನು ಕೆಲವು ದಿನಗಳ ಪಾಠದಲ್ಲಿ ಮನೆಯ ಹೆಂಗಸಿನ ಹೆಗಲಿಗೆ ಹಾಕಿ ಕೈತೊಳೆದುಕೊಳ್ಳಬಾರದು ಎಂದು ಓದುತ್ತೇನೆ. ಗೊತ್ತಿಲ್ಲದೆ ಬಿದ್ದುಹೋದ ಕೈ ಹಿಡಿದು ಎಳೆದು ಎಬ್ಬಿಸಿದರೆ ಭುಜದ ಕೀಲೇ ಜಾರುತ್ತದೆ. ನಮ್ಮ ಮನೆಯವರ ಭುಜವನ್ನು ನಾನು ಹಾಗೆ ಎಷ್ಟು ಸಲ ಎಳೆದಿದ್ದೇನೋ.

ಮೂರನೆಯದು, ‘ಈ ವಯಸ್ಸಿನಲ್ಲಿ ಮೈದಾನದಲ್ಲಿ ಕುಣಿತವೇ?’ ನಾನು ಹೊರಗೆ ಬಂದದ್ದು 2022ರಲ್ಲಿ. ಮೊದಲು ಒಬ್ಬಳೇ. ಆಮೇಲೆ ಪಕ್ಕದ ಬೀದಿಯ ತಮಿಳಿನ ಅಕ್ಕ ಸೇರಿದರು, ಅವರಿಗೆ ‘ಪಕ್ಕವಾದಂ’ ಬಂದು ಮೂರು ವರ್ಷವಾಗಿತ್ತು. ಆಮೇಲೆ ಬುರ್ಖಾ ಹಾಕಿದ ಒಬ್ಬಾಕೆ ತಾಯಿಯನ್ನು ಕರೆತಂದಳು. ಈಗ ಆರು ಜನ. ಪ್ಲಾಸ್ಟಿಕ್ ಕುರ್ಚಿ ಹೊತ್ತು ತರಲು ಮೊಮ್ಮಕ್ಕಳಿದ್ದಾರೆ. ಕ್ರಿಕೆಟ್ ಆಡುವ ಹುಡುಗರು ‘ಆಂಟಿ, ಕುಂಗ್‌ಫೂ ಸ್ಲೋ ಮೋಷನ್ನಾ?’ ಎಂದು ನಕ್ಕರು. ನಗಲಿ. ತಮಿಳಿನ ಅಕ್ಕ ಮೂರು ವರ್ಷ ಮನೆಯ ಜಗಲಿ ದಾಟಿರಲಿಲ್ಲ. ಈಗ ಬೆಳಗಾದರೆ ಅವರೇ ಬಂದು ನನ್ನ ಬಾಗಿಲು ತಟ್ಟುತ್ತಾರೆ.

ನನ್ನ ಮಾತನ್ನು ಅಪಾರ್ಥ ಮಾಡಿಕೊಳ್ಳಬೇಡಿ. ತೈ ಚಿ ಪವಾಡವಲ್ಲ. ಬಿ.ಪಿ. ಮಾತ್ರೆಗೆ, ಡಾಕ್ಟರಿಗೆ, ಫಿಜಿಯೋಥೆರಪಿಗೆ ಅದು ಬದಲಿಯಲ್ಲ. ಡಾಕ್ಟರಿಗೆ ತೋರಿಸಿ, ತಿಳಿದವರಿಂದ ಕಲಿತು, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡೇ ಶುರು ಮಾಡಬೇಕು. ನನ್ನ ಎಡಗೈ ಪೂರ್ತಿ ಮರಳಿಲ್ಲ. ಇವತ್ತಿಗೂ ಹೂ ಕಟ್ಟಲಾರೆ. ಆದರೆ ಪಾತ್ರೆಯನ್ನು ಹಿಡಿದುಕೊಳ್ಳುತ್ತದೆ, ಬಾಗಿಲ ಚಿಲಕ ಹಾಕುತ್ತದೆ. ಈ ಮೂರು ವರ್ಷದಲ್ಲಿ ನಾನು ಬಿದ್ದಿಲ್ಲ.

ಹಾಗಾದರೆ ನಾನು ಕೇಳುವುದೇನು? ಬಹಳವೇನೂ ಅಲ್ಲ. 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಮಿದುಳಿನ ಆರೋಗ್ಯದ ಯೋಜನೆ ಶುರು ಮಾಡಿದಾಗ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ನಮ್ಮ ಕೋಲಾರವೂ ಒಂದು. ಸಂತೋಷ. ಆದರೆ ಜೀವ ಉಳಿದ ಮೇಲೆ ಜೀವನವೂ ಇದೆಯಲ್ಲ? ಚೇತರಿಕೆಗೆಂದು ವಾರಕ್ಕೆ ಮೂರು ಸಲ ಬಸ್ಸು ಹತ್ತಿ ಕೋಲಾರಕ್ಕೆ ಹೋಗಲು ಕಾಲೆಳೆಯುವ ಹೆಂಗಸಿಗೆ ಆಗುವುದಿಲ್ಲ. ಗಣಿ ಇದ್ದಾಗ ಗಣಿಯ ಆಸ್ಪತ್ರೆ ಇತ್ತು. ಗಣಿಯ ಜೊತೆ ಆ ಕಾಲವೂ ಹೋಯಿತು. ಉಳಿದಿರುವುದು ಮೈದಾನಗಳು, ಶಾಲೆಯ ಅಂಗಳಗಳು. ಅಲ್ಲಿ ವಾರಕ್ಕೆ ಮೂರು ಬೆಳಿಗ್ಗೆ, ಒಂದೊಂದು ಗಂಟೆ, ಸಂಬಳ ಕೊಟ್ಟು ನೇಮಿಸಿದ ಒಬ್ಬ ಫಿಜಿಯೋಥೆರಪಿಸ್ಟ್, ಹತ್ತು ಕುರ್ಚಿ. ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು, ಬಂಗಾರಪೇಟೆಯಲ್ಲಿ ಒಂದು, ನಿಮ್ಮ ಊರಿನಲ್ಲೂ ಒಂದು. ಇಷ್ಟಕ್ಕೆ ಎಷ್ಟು ಖರ್ಚಾದೀತು? ಒಂದು ಸಮಾರಂಭದ ಶಾಮಿಯಾನದಷ್ಟೂ ಆಗಲಾರದು.

ಮತ್ತು ನಿಮ್ಮಲ್ಲಿ ಒಂದು ಮಾತು. ನಿಮ್ಮ ಮನೆಯಲ್ಲಿ ಲಕ್ವ ಹೊಡೆದವರು ಒಳ್ಳೆಯ ಕೈ ಚಾಚಿ ತಟ್ಟೆ ಕೇಳಿದರೆ ಕೊಟ್ಟುಬಿಡಿ. ಚೆಲ್ಲಲಿ, ಒರೆಸಿದರಾಯಿತು. ಅವರು ಒಂದು ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ತೆಗೆದುಕೊಂಡರೆ ಹತ್ತು ನಿಮಿಷ ಕಾಯಿರಿ. ಲಕ್ವ ಹೊಡೆದವಳು ನೀವೇ ಆಗಿದ್ದರೆ, ಒಲೆ ಆರಿಸಿ ಅಡುಗೆಮನೆಯಿಂದ ಹೊರಗೆ ಬಂದು ದಿನಕ್ಕೆ ಅರ್ಧ ಗಂಟೆ ನಿಮಗಾಗಿ ಕೇಳಿ ತೆಗೆದುಕೊಳ್ಳಿ. ಯಾರೂ ತಾವಾಗಿ ಕೊಡುವುದಿಲ್ಲ.

ಒಮ್ಮೆ ಬಂದ ಸ್ಟ್ರೋಕ್ ಮತ್ತೆ ಬರಬಹುದು, ನನಗೆ ಗೊತ್ತು. ಮಗನಿಗೆ ಹೇಳಿಟ್ಟಿದ್ದೇನೆ. ತಡಮಾಡದೆ ಆಸ್ಪತ್ರೆಗೆ ಸೇರಿಸು. ಉಳಿದು ಮನೆಗೆ ಬಂದರೆ ನನ್ನನ್ನು ದೇವರ ಹಾಗೆ ಕೂರಿಸಬೇಡ. ಊಟದ ಮನೆಯ ಆ ಕುರ್ಚಿ ತಂದು ಹಾಕು. ಅದರ ಬೆನ್ನು ನನ್ನ ಕೈಗೆಟುಕುವ ಹಾಗಿರಲಿ.